ಕೇಳುವ ತಂತಿ, ಹೇಳುವ ತಂತಿ

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಹೆಸರು 'ವಾಯರ್‌ವಾಲಾ'. ಕಾಂದಿವಲಿಯ ಕಾರ್ಖಾನೆಯಲ್ಲಿ ನಾನೊಂದು ಟೋಕನ್ ನಂಬರು, ಖಾನಾವಳಿಯಲ್ಲಿ 'ತೀನ್ ಚಪಾತಿ, ಏಕ್ ಭಾತ್'. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವವರು ಆ ಮಹಾನಗರದಲ್ಲಿ ಒಬ್ಬರೂ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಮದುವೆಯಾಗಿರಲಿಲ್ಲ. ಆಗುವ ಲಕ್ಷಣವೂ ಇರಲಿಲ್ಲ, ಏಕೆಂದರೆ ಕೋಣೆಯಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವನ್ನೆಲ್ಲ ರೇಡಿಯೋ ತಿಂದುಹಾಕಿತ್ತು.

ಹಾಡು ಕೇಳುವ ರೇಡಿಯೋ ಅಲ್ಲ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ಬೇರೆ ಊರಿನ ಹವ್ಯಾಸಿಗಳ ಜೊತೆ ಮಾತಾಡುವ ರೇಡಿಯೋ. ಚೋರ್ ಬಜಾರಿನಿಂದ ಹೊತ್ತು ತಂದ ಹಳೆಯ ಮಿಲಿಟರಿ ರಿಸೀವರು, ನಾನೇ ಕಟ್ಟಿದ ಟ್ರಾನ್ಸ್‌ಮಿಟರು, ಗಚ್ಚಿಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ ಉದ್ದನೆಯ ತಾಮ್ರದ ತಂತಿ. ಮಾತು ಎಂದರೂ ಬಾಯಿ ಮಾತಲ್ಲ. ಕೀಲಿಯನ್ನು ಬೆರಳಿಂದ ಒತ್ತಿ ಒತ್ತಿ ಮೋರ್ಸ್ ಲಿಪಿಯಲ್ಲಿ ಕಳಿಸುವ ಟಕ್ ಟಕ್.

ಬೆಳಿಗ್ಗೆ ಹಾಲಿನವನು ಬಂದುಹೋದ ಮೇಲೆ ನಮ್ಮ ಹಾಜರಿ. ಬೆಂಗಳೂರಿನ ಒಬ್ಬ ಹಿರಿಯರು ಲೈಸೆನ್ಸಿನ ಜೊತೆ ಹೆಸರಿನ ಬದಲು ಸಿಕ್ಕ ಕರೆ ಅಕ್ಷರಗಳನ್ನು ಒಬ್ಬೊಬ್ಬರದೇ ಒತ್ತುತ್ತಾರೆ, ಕರೆಸಿಕೊಂಡವನು 'ಇದ್ದೇನೆ' ಎನ್ನಬೇಕು. ಉತ್ತರ ಬಾರದಿದ್ದರೆ ಮೂರು ಸಲ ಕರೆಯುತ್ತಾರೆ, ಪ್ರತಿ ಸಲವೂ ಉತ್ತರ ಹಿಡಿಸುವಷ್ಟು ಜಾಗ ಬಿಟ್ಟು. ಬಹಳ ದಿನ ಓಗೊಡದವನನ್ನು ಒಂದು ದಿನ ಕರೆಯುವುದೇ ನಿಂತುಹೋಗುತ್ತದೆ. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಸಿಗ್ನಲ್ ಹೇಗಿದೆ, ಹವೆ ಹೇಗಿದೆ, ಇಷ್ಟೇ ನಮ್ಮ ಮಾತು. ಮನೆವಾರ್ತೆ ಗಾಳಿಗೆ ಬಿಡುವ ಪದ್ಧತಿಯಿಲ್ಲ. ನನಗೂ ಅದೇ ಅನುಕೂಲವಾಗಿತ್ತು, ಹೇಳಿಕೊಳ್ಳಲು ಮನೆವಾರ್ತೆ ಇದ್ದರಲ್ಲವೇ?

ಅಷ್ಟರಲ್ಲಿ ಬಿಲ್ಡಿಂಗಿಗೆ ಟಿ.ವಿ. ಬಂತು. ಮೊದಲ ಟಿ.ವಿ. ಸೊಸೈಟಿಯ ಸೆಕ್ರೆಟರಿಯದು. ಅದರಲ್ಲಿ ಚಿತ್ರ ನಡುಗಿದರೆ ಕಾರಣ ನಾನು, ಬಿಳಿ ಚುಕ್ಕೆ ಉದುರಿದರೆ ಕಾರಣ ನಾನು. ಟಿ.ವಿ. ಶುರುವಾಗುವುದು ಸಂಜೆ, ನಾನು ಕೀಲಿ ಒತ್ತುವುದು ಬೆಳಿಗ್ಗೆ ಎಂದು ಹೇಳಿದೆ. ಕೇಳುವವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಭಾಯಿಸಾಬ್, ಟೆರೇಸ್ ಸೊಸೈಟಿ ಕಾ ಹೈ" ಎಂದ ಸೆಕ್ರೆಟರಿ, ಗಚ್ಚಿ ಸೊಸೈಟಿಯದಂತೆ. ಮರುದಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನನ್ನ ತಂತಿ ಸುರುಳಿ ಸುತ್ತಿಕೊಂಡು ಬಾಗಿಲ ಮುಂದೆ ಬಿದ್ದಿತ್ತು. ಮೈಯೆಲ್ಲ ಉರಿಯಿತು. ಜಗಳಾಡಲು ನನ್ನ ಹಿಂದಿ ಸಾಲಲಿಲ್ಲ.

ಕೇಳುವುದಕ್ಕೆ ಕೋಣೆಯೊಳಗಿನ ಮಾರುದ್ದದ ತಂತಿ ಸಾಕು. ಹೇಳುವುದಕ್ಕೆ ಸಾಲದು. ಹಾಗಾಗಿ ಪ್ರತಿ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ನನ್ನನ್ನು ಕರೆಯುವುದನ್ನು ಕೇಳುತ್ತ ಕೂತೆ. ಒಮ್ಮೆ ಕರೆಯುತ್ತಿದ್ದರು. ಖಾಲಿ. ಮತ್ತೊಮ್ಮೆ. ಖಾಲಿ. ಆ ಖಾಲಿ ಜಾಗದಲ್ಲಿ ನನ್ನ ಬೆರಳು ತಾನಾಗಿ ಕೀಲಿಯ ಮೇಲೆ ಹೋಗುತ್ತಿತ್ತು. ಬೆಂಗಳೂರಿಗೆ ಒಂದು ಅಂಚೆ ಕಾರ್ಡು ಗೀಚಿ ಹಾಕಿದ್ದರೆ ಮುಗಿಯುತ್ತಿತ್ತು ಎನ್ನುತ್ತೀರಿ. ಹಾಕಲಿಲ್ಲ. ಯಾರಾದರೂ ಒಬ್ಬರು 'ಎಲ್ಲಿ ಹೋದ ಇವನು' ಎಂದು ಕೇಳಲಿ ಎಂಬ ಹಟ. ದಿನಗಳು ಹೋದವು, ವಾರಗಳೂ ಹೋದವು. ಮೂರು ಕರೆ ಎರಡಾಯಿತು, ಆಮೇಲೆ ಒಂದಾಯಿತು. ನಾನು ಸತ್ತರೂ ಈ ಊರಿನಲ್ಲಿ ಗೊತ್ತಾಗುವುದು ಖಾನಾವಳಿಯ ಮೂರು ಚಪಾತಿ ಉಳಿದಾಗಲೇ ಎನಿಸಿತು.

ಒಂದು ಭಾನುವಾರ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಮುದುಕಿ. ಬುರ್ಖಾ ಹಾಕಿ ಮೆಟ್ಟಿಲಿಳಿಯುವುದನ್ನು ನೋಡಿದ್ದೆ, ಮಾತಾಡಿಸಿರಲಿಲ್ಲ.

"ಆರಾಮ ಅದೀರೇನ್ರೀ?" ಎಂದರು, ಅಚ್ಚ ಬಿಜಾಪುರದ ಕನ್ನಡದಲ್ಲಿ.

ಇನ್ನೊಂದು ತಕರಾರು ಬಂತೆಂದೇ ನನಗೆ ರೇಗಿತು. "ತಂತಿ ಇಳಿಸ್ಯಾರಲ್ರೀ, ಇನ್ನೇನ್ ಬೇಕು?" ಎಂದುಬಿಟ್ಟೆ. ಆಮೇಲೆ ಬೆರಗಾಗಿ, ನಾನು ಕನ್ನಡದವನೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಒಮ್ಮೆ ಕಾಲ ಸುಟ್ಟಕೊಂಡು ಬೈದ್ರಲ್ಲ, ಅವತ್ತ ತಿಳೀತು ನಮ್ಮ ಕಡೀ ಮಂದಿ ಅಂತ" ಎಂದು ನಕ್ಕರು. ಕಾದ ಬೆಸುಗೆ ಕಡ್ಡಿ ಪಾದದ ಮೇಲೆ ಬಿದ್ದ ದಿನ ನಾನಾಡಿದ ಮಾತು ನೆನಪಾಗಿ ನಾಚಿಕೆಯಾಯಿತು.

"ನನ್ನ ರೇಡಿಯೋದಾಗ ಮುಂಜಾನಿ ಹಾಡಿನ ನಡುವ ನಿಮ್ಮದು ಟಕ್ ಟಕ್ ಅಂತಿತ್ತು. ಮದ್ಲ ಸಿಟ್ಟ ಬರ್ತಿತ್ತರೀ, ಆಮ್ಯಾಲ ರೂಢಿ ಆತು. ಮಗಾ ಸಾಂತಾಕ್ರೂಜ್ ಹೋಟೆಲಿಗೆ ನಸುಕಿನ್ಯಾಗ ಹೋಗ್ತಾನ, ನಾ ಒಬ್ಬಾಕೀನ. ಮ್ಯಾಲ ಒಬ್ಬ ಮನುಷ್ಯಾ ಎದ್ದಾನ ಅಂತ ಧೈರ್ಯ ಇರ್ತಿತ್ತು. ಈಗ ಹಾಡು ಚೊಲೋ ಕೇಳಸ್ತದ. ಖರೆ, ಬ್ಯಾಸರ."

ನಾನು ಗಚ್ಚಿಯ ಕತೆ ಹೇಳಿದೆ. "ಗಚ್ಚಿ ಅವರದಿದ್ರ ಇರಲಿ. ನನ್ನ ಗ್ಯಾಲರಿ ನಂದಲ್ರೀ?" ಎಂದರು.

ಅವತ್ತೇ ನನ್ನ ಕಿಟಕಿಯಿಂದ ತಂತಿ ಇಳಿಬಿಟ್ಟು, ಅವರ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಗಳ ನಡುವೆ ಅಂಕುಡೊಂಕಾಗಿ ಮಡಚಿ ಕಟ್ಟಿದೆ. ಸೆಕ್ರೆಟರಿಯ ಅಪ್ಪ ಬಂದರೂ ಅದು ಆಂಟೆನಾ ಎಂದು ಗೊತ್ತಾಗುವಂತಿರಲಿಲ್ಲ. ಬೆಳಿಗ್ಗೆ ಅದನ್ನು ಮುಟ್ಟಬೇಡಿ, ಅದರ ಮೇಲೆ ಬಟ್ಟೆ ಹಾಕಬೇಡಿ ಎಂದು ಎರಡೆರಡು ಸಲ ಹೇಳಿ ಬಂದೆ.

ಮರುದಿನ ಹಾಜರಿ ಶುರುವಾಯಿತು. ನನಗಿಂತ ಮುಂಚಿನವನನ್ನು ಕರೆದರು, ಅವನು ಉತ್ತರ ಕೊಟ್ಟ. ಮುಂದಿನದು ನಾನು. ಬೆರಳು ಕೀಲಿಯ ಮೇಲೆ ಸಿದ್ಧವಾಗಿತ್ತು. ಅವರು ನನ್ನ ನಂತರದವನನ್ನು ಕರೆದರು.

ನನ್ನ ಉತ್ತರಕ್ಕೆಂದು ಖಾಲಿ ಜಾಗವನ್ನೂ ಬಿಟ್ಟಿರಲಿಲ್ಲ. ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನಿಸಿರಲಿಲ್ಲ, ಊರು ಬಿಟ್ಟು ಬಂದ ದಿನವೂ ಅನಿಸಿರಲಿಲ್ಲ.

ಕೊನೆಯಲ್ಲಿ 'ಬೇರೆ ಯಾರಾದರೂ?' ಎಂದು ಕೇಳುವ ವಾಡಿಕೆ. ಕೇಳಿದರು. ನನ್ನ ಅಕ್ಷರಗಳನ್ನು ಒತ್ತಿದೆ. ಉತ್ತರವಿಲ್ಲ. ಮಡಚಿದ ತಂತಿಗೆ ಬಲವೆಲ್ಲಿಂದ ಬರಬೇಕು? ಮತ್ತೆ ಒತ್ತಿದೆ. ಇಲ್ಲ. ಕೈ ಹಿಂದಕ್ಕೆ ತೆಗೆಯುತ್ತಿದ್ದೆ, ಆಗ ಕಾಲ ಕೆಳಗಿನ ನೆಲ ಸದ್ದು ಮಾಡಿತು. ನನ್ನ ಟಕ್ ಟಕ್ ತಮ್ಮ ರೇಡಿಯೋದಲ್ಲಿ ಕೇಳಿ, ಕೆಳಗಿನ ಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ಛಾವಣಿಗೆ ಬಡಿಯುತ್ತಿದ್ದರು, ಯಾವ ಲಿಪಿಗೂ ಸೇರದ ಹಾಗೆ, ಮನಸ್ಸಿಗೆ ಬಂದ ಹಾಗೆ.

ಮೂರನೆಯ ಸಲ ಒತ್ತಿದಾಗ ಬೆಂಗಳೂರಿಗೆ ಕೇಳಿಸಿತು. ಎಲ್ಲಿ ಹೋಗಿದ್ದಿರಿ ಎಂದು ಅವರು ಕೇಳಲಿಲ್ಲ. ಹವೆ ಹೇಗಿದೆ ಎಂದು ಕೇಳಿದರು. ಕಣ್ಣು ಒರೆಸಿಕೊಂಡು, ಮೋಡವಿದೆ ಎಂದು ಒತ್ತಿದೆ.