ಕೇಕಿನ ಮೇಲೆ ಯಾವ ತಾರೀಖು?

ಮುಂಡಗೋಡದ ಒಂದು ಶಾಲೆಯಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ದೂರದ ಎರಡು ಕಂಪ್ಯೂಟರುಗಳ ನಡುವೆ ಮೊದಲ ಸಂದೇಶ ಹೋದ ದಿನವನ್ನು ಆಚರಿಸೋಣವೆಂದು, ಕೇಕ್ ಹೇಳಲು ಟಿಬೆಟನ್ ಕಾಲೊನಿಯ ಬೇಕರಿಗೆ ಹೋದೆ.

“ಕೇಕ್ ಮ್ಯಾಲೆ ಯಾವ ತಾರೀಖು ಬರೀಲ್ರಿ ಸರ್?” ಎಂದರು ಬೇಕರಿಯ ಅಕ್ಕ.

ನಾನು ತಬ್ಬಿಬ್ಬಾದೆ. ಸಂದೇಶ ಹೋದಾಗ ಅಮೆರಿಕದಲ್ಲಿ ರಾತ್ರಿ, ನಮ್ಮಲ್ಲಿ ಆಗಲೇ ಮರುದಿನದ ಮಧ್ಯಾಹ್ನ. ಶಾಲೆಯಲ್ಲಿ ಅಮೆರಿಕದ ತಾರೀಖಿನ ಬ್ಯಾನರ್ ಬೇರೆ ಕಟ್ಟಿಯಾಗಿತ್ತು! ಅಕ್ಕನಿಗೆ ಎಲ್ಲ ಹೇಳಿದೆ.

ಅವರು ನಕ್ಕರು. “ನನ್ನ ಮೊಮ್ಮಗಳು ಕೆನಡಾದಾಗ ಹಿಂಗ ರಾತ್ರಿ ಹುಟ್ಯಾಳ್ರಿ. ನಾ ಎರಡೂ ದಿನ ಕೇಕ್ ಮಾಡ್ತೇನಿ. ಒಂದು ಆಕಿ ಲೆಕ್ಕಕ್ಕ, ಒಂದು ನನ್ನ ಲೆಕ್ಕಕ್ಕ.”

ನಾನೂ ಎರಡು ಕೇಕ್ ಹೇಳಿದೆ. ಎರಡನೇ ದಿನ ಹುಬ್ಬೇರಿಸಿದ ಹೆಡ್‌ಮೇಡಂ, ಕಾರಣ ಕೇಳಿ ಮೊದಲ ತುಂಡು ತಾವೇ ತೆಗೆದುಕೊಂಡರು.

ಈಗ ಯಾವ ಪಾಠ ಶುರುಮಾಡಿದರೂ ಮಕ್ಕಳದು ಒಂದೇ ಪ್ರಶ್ನೆ: “ಸರ್, ಇದನ್ನೂ ಅಮೆರಿಕಾದಾಗ ರಾತ್ರೀನ ಕಂಡುಹಿಡಿದ್ರೇನ್ರಿ?”