ಅಪ್ಪನ ಲ್ಯಾಪ್‌ಟಾಪಿಗೆ ಹೊಸ ಸಿಸ್ಟಮ್ ಹಾಕಿದ್ದು

"ಮೇಡಂ, ಇದರ ಕಾಲ ಮುಗೀತು. ಎಕ್ಸ್‌ಚೇಂಜ್‌ಗೆ ಹಾಕಿ ಹೊಸದು ತಗೊಳ್ಳಿ" ಎಂದು ಜಯನಗರದ ಅಂಗಡಿಯವರು ಅಪ್ಪನ ಲ್ಯಾಪ್‌ಟಾಪನ್ನು ಎರಡೇ ಬೆರಳಲ್ಲಿ ನನ್ನ ಕಡೆ ತಳ್ಳಿದಾಗ ಮೈಯೆಲ್ಲ ಉರಿದುಹೋಯಿತು. ಹೊಸ ಆಪರೇಟಿಂಗ್ ಸಿಸ್ಟಮ್ ಇಷ್ಟು ಹಳೆಯ ಯಂತ್ರಕ್ಕೆ ಆಗುವುದಿಲ್ಲ, ಕಂಪನಿಯೇ ಕೈಬಿಟ್ಟಿದೆ ಎಂಬುದು ಅವರ ವಾದ. ಕಂಪನಿ ಬಿಟ್ಟರೆ ಬಿಡಲಿ, ನಾನು ಬಿಟ್ಟಿಲ್ಲವಲ್ಲ!

"ಸಾರ್, ನನಗೆ ಬರಲ್ಲ ಅನ್ನಿ. ಆಗಲ್ಲ ಅನ್ಬೇಡಿ" ಎಂದು ಹೇಳಿ, ಅದನ್ನು ಚೀಲಕ್ಕೆ ಹಾಕಿಕೊಂಡು ಹನುಮಂತನಗರದ ಬಸ್ಸು ಹತ್ತಿದೆ.

ಗಂಟಲಿನ ಆಪರೇಷನ್ನಿನಲ್ಲಿ ಅಪ್ಪನ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರ ಮಾತೆಲ್ಲ ಈ ಲ್ಯಾಪ್‌ಟಾಪಿನಲ್ಲೇ. ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವರು ಅವರು. ಪೆನ್ನು ಹಿಡಿದರೆ ಕೈ ನಡುಗುತ್ತದೆ, ಕೀಬೋರ್ಡಿನ ಮೇಲಿಟ್ಟರೆ ಹತ್ತೂ ಬೆರಳು ನೆಟ್ಟಗೆ ಓಡುತ್ತವೆ. "ಸಾರಿಗೆ ಉಪ್ಪು ಕಮ್ಮಿ" ಎಂದು ದಪ್ಪ ಅಕ್ಷರದಲ್ಲಿ ಹೊಡೆದು ಪರದೆಯನ್ನು ಅಮ್ಮನ ಕಡೆ ತಿರುಗಿಸುತ್ತಾರೆ. "ಮದುವೆಯಾದಾಗಿಂದ ಬಾಯಲ್ಲಿ ಹೇಳ್ತಿದ್ರು, ಈಗ ಬರೆದು ತೋರಿಸ್ತಾರೆ" ಎಂದು ಅಮ್ಮ ಗೊಣಗುತ್ತಾಳೆ. ಹೊಸ ಲ್ಯಾಪ್‌ಟಾಪಿನ ಚಪ್ಪಟೆ ಕೀಗಳನ್ನು ಅಪ್ಪ ಒಮ್ಮೆ ಒತ್ತಿ ನೋಡಿ ಬೇಡವೆಂದು ತಲೆಯಾಡಿಸಿದ್ದರು. ಆದರೆ ಡಾಕ್ಟರು ಅಪ್ಪನನ್ನು ವಿಡಿಯೋದಲ್ಲಿ ನೋಡುವ ಪ್ರೋಗ್ರಾಮು ಹಳೆಯ ಸಿಸ್ಟಮಿನಲ್ಲಿ ತೆರೆಯುವುದನ್ನೇ ನಿಲ್ಲಿಸಿತ್ತು.

ನಾನು ಕಂಪ್ಯೂಟರ್ ಓದಿದವಳಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡುವವಳು. ಆದರೆ ನಮ್ಮ ಮನೆಯ ಮಿಕ್ಸಿಯಾಗಲಿ ಗೀಸರ್ ಆಗಲಿ ನನ್ನ ಕೈ ದಾಟಿ ರಿಪೇರಿಗೆ ಹೋದದ್ದಿಲ್ಲ. ಭಾನುವಾರ ಊಟವಾದ ಮೇಲೆ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದೆ. ಫ್ಯಾನಿನ ತುಂಬ ಕುಂಕುಮ! ಪ್ರತಿ ಆಯುಧಪೂಜೆಗೂ ಅಪ್ಪ ಭಕ್ತಿಯಿಂದ ಹಚ್ಚಿದ್ದು. ಬ್ರಷ್ಷಿನಲ್ಲಿ ಅದನ್ನೆಲ್ಲ ಗುಡಿಸಿ, ಹೊಸ ಮೆಮೊರಿ ಕೂರಿಸಿದೆ. ಅಪ್ಪನ ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡೆ. ಇನ್ನೊಂದರಲ್ಲಿ ಹೊಸ ಸಿಸ್ಟಮ್ ಸಿದ್ಧಮಾಡಿ, ಯಂತ್ರ ಹಳೆಯದೋ ಹೊಸದೋ ಎಂದು ಅದು ತಪಾಸಣೆ ಮಾಡುವ ಭಾಗವನ್ನೇ ತೆಗೆದುಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಹೊಸ ಪರದೆ ಫಳಫಳ ಎಂದಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ, ಒಂದು ಕೀ ಒತ್ತಿದೆ. ಕನ್ನಡ ಅಕ್ಷರ ಮೂಡಿತು. ಸಖತ್! ಆ ಅಂಗಡಿಯವರನ್ನು ಕರೆತಂದು ತೋರಿಸಬೇಕು ಎನ್ನಿಸಿತು.

ಸೋಮವಾರ ಬೆಳಿಗ್ಗೆ ಕಾಫಿ ಕುಡಿದು ಅಪ್ಪ ಅದರ ಮುಂದೆ ಕೂತರು. ಪಟಪಟ ಹೊಡೆದು ಪರದೆ ತಿರುಗಿಸಿದರು. "ಪೂಜ್ಕಿ ದಟೆಮ ಙೊರ" ಎಂದಿತ್ತು.

"ಏನ್ರೀ ಇದು?" ಎಂದಳು ಅಮ್ಮ. ಅಪ್ಪ ಪರದೆ ನೋಡಿದರು, ಹುಬ್ಬು ಗಂಟಿಕ್ಕಿದರು, ಮತ್ತೆ ಹೊಡೆದರು. ಮತ್ತದೇ ಅರ್ಥವಿಲ್ಲದ ಅಕ್ಷರಗಳು. ಕೈಗಳನ್ನು ಮೆಲ್ಲಗೆ ಹಿಂದಕ್ಕೆಳೆದು ತೊಡೆಯ ಮೇಲೆ ಇಟ್ಟುಕೊಂಡರು.

"ಅಯ್ಯೋ ದೇವರೇ, ಇವರ ತಲೆಗೇ ಏನೋ ಆಗೋಯ್ತು ಕಣೇ! ಬಾಯಿ ಸೊಟ್ಟಗಾಗಿದ್ಯಾ ನೋಡು! ಆಟೋ ಕರಿಯೇ!"

ನಾನು ಫೋನು ಕೈಗೆತ್ತಿಕೊಂಡೆ. ಆಸ್ಪತ್ರೆಗೆ ಆಟೋ ಬುಕ್ ಮಾಡಿದೆ. ಚಪ್ಪಲಿ ಮೆಟ್ಟುತ್ತ ಇನ್ನೊಮ್ಮೆ ಪರದೆಯತ್ತ ತಿರುಗಿದೆ. ಎರಡು ಸಾಲೂ ಒಂದೇ ಇದ್ದವು, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ತಲೆ ಕೆಟ್ಟವರು ಎರಡು ಸಲವೂ ಇಷ್ಟು ಶಿಸ್ತಾಗಿ ತಪ್ಪು ಹೊಡೆಯುತ್ತಾರೆಯೇ?

ಆಗ ಹೊಳೆಯಿತು. ಅಪ್ಪನ ಬೆರಳಿಗೆ ಗೊತ್ತಿದ್ದದ್ದು ಕನ್ನಡ ಟೈಪ್‌ರೈಟರಿನ ಅಕ್ಷರ ಜೋಡಣೆ ಒಂದೇ. ಅದಕ್ಕೆಂದೇ ಲ್ಯಾಪ್‌ಟಾಪಿನಲ್ಲಿದ್ದ ಪ್ರೋಗ್ರಾಮನ್ನು ಹಳೆಯ ಸಿಸ್ಟಮಿನ ಜೊತೆ ನಾನೇ ಗುಡಿಸಿಹಾಕಿದ್ದೆ. ಹೊಸ ಸಿಸ್ಟಮಿನ ಕನ್ನಡದಲ್ಲಿ ಅಕ್ಷರಗಳ ಜಾಗವೇ ಬೇರೆ.

"ಅಪ್ಪಾ, ನಿಮ್ಮ ತಲೆಗೆ ಏನೂ ಆಗಿಲ್ಲ. ಆಗಿದ್ದು ನನ್ನ ತಲೆಗೆ!" ಎಂದು ಕೂಗಿಕೊಂಡು ಒಂದೇ ಚಪ್ಪಲಿಯಲ್ಲಿ ಒಳಗೆ ಓಡಿದೆ. ಆ ಪ್ರೋಗ್ರಾಮಿನ ಫೈಲು ಪೆನ್‌ಡ್ರೈವಿನಲ್ಲಿ ಭದ್ರವಾಗಿತ್ತು. ಅದನ್ನು ಹಾಕಿ, 'ಟೈಪ್‌ರೈಟರ್' ಆರಿಸುವಷ್ಟರಲ್ಲಿ ಗೇಟಿನ ಹತ್ತಿರ ಆಟೋ ಹಾರ್ನು ಶುರುವಾಯಿತು. ಅಪ್ಪ ಕೈ ಮುಂದೆ ತರಲೇ ಇಲ್ಲ. ನಾನೇ ಅವರ ಎರಡೂ ಕೈ ಹಿಡಿದು ಕೀಬೋರ್ಡಿನ ಮೇಲೆ ಇಟ್ಟೆ. ಅಪ್ಪ ಒಂದು ಸಾಲು ಹೊಡೆದು ಪರದೆಯನ್ನು ಅಮ್ಮನ ಕಡೆ ತಿರುಗಿಸಿದರು.

"ಆಟೋದವನಿಗೆ ಏನಾದರೂ ಕೊಟ್ಟು ಕಳಿಸು."

ಅಮ್ಮ ಕಣ್ಣೊರೆಸಿಕೊಳ್ಳುತ್ತ ಗೇಟಿಗೆ ಓಡಿದಳು. ಅಪ್ಪ ಇನ್ನೊಂದು ಸಾಲು ಹೊಡೆದು, ನನ್ನ ಕಡೆಗೆ ಮಾತ್ರ ತಿರುಗಿಸಿದರು.

"ಮಾತು ಎರಡನೇ ಸಲವೂ ಹೋಯಿತು ಅಂದುಕೊಂಡೆ ಮಗಳೇ."

ಅಂಗಡಿಯಲ್ಲಿ ಅಷ್ಟು ಜೋರು ಮಾಡಿದ್ದ ನಾನು, ತಪ್ಪಾಯಿತೆಂದು ಬರೆದೇ ಹೇಳೋಣವೆಂದು ಕೀಬೋರ್ಡನ್ನು ಹತ್ತಿರ ಎಳೆದುಕೊಂಡೆ. ಅಪ್ಪನ ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅಪ್ಪ ನನ್ನ ಬೆರಳು ಹಿಡಿದು 'ಅ' ಎಲ್ಲಿದೆ ಎಂದು ತೋರಿಸಿದರು.