ಗಲ್ಲಿಯವರು ಆರಿಸಿದ ಗೋದಾಬಾಯಿ

ಹೈದರಾಬಾದಿನ ದಿಲ್‌ಸುಖ್‌ನಗರದ ಆ ಗಲ್ಲಿಯಲ್ಲಿ ಗೋದಾಬಾಯಿಯ ಬಾಯಿಗೆ ಹೆದರದವರಿರಲಿಲ್ಲ. ರಾಯಚೂರಿನಿಂದ ಮದುವೆಯಾಗಿ ಬಂದವಳು. ರೈಲ್ವೆ ಗುಮಾಸ್ತನಾಗಿದ್ದ ಗಂಡ ತೀರಿದ ಮೇಲೂ ಅಲ್ಲೇ ಉಳಿದಳು. ಮನೆಯ ಮುಂದಿನ ಮೋರಿ ಕಟ್ಟಿಕೊಂಡು ಕೊಳೆನೀರು ಹೊಸ್ತಿಲು ಮುಟ್ಟುತ್ತಿತ್ತು. ದೂರು ಹೇಳೋಣವೆಂದರೆ ಕಾರ್ಪೊರೇಟರೇ ಇಲ್ಲ. ನಗರಪಾಲಿಕೆಗೆ ಚುನಾವಣೆ ನಡೆದು ಎಷ್ಟೋ ವರ್ಷವಾಗಿತ್ತು. ಸರಕಾರ ನೇಮಿಸಿದ ಅಧಿಕಾರಿಯೊಬ್ಬ ಎಲ್ಲೋ ಕೂತು ಊರು ಆಳುತ್ತಿದ್ದ.

ಅಷ್ಟರಲ್ಲಿ ನಗರಪಾಲಿಕೆ ಚುನಾವಣೆಯ ಪದ್ಧತಿಯನ್ನೇ ಸುಧಾರಿಸುವ ಮಸೂದೆ ವಿಧಾನಸಭೆಗೆ ಬಂತು. ನಿಮ್ಮ ಮೋರಿಯ ವಿಷಯ ಎತ್ತುತ್ತೇನೆಂದು ಕ್ಷೇತ್ರದ ಶಾಸಕರು ತೆಲುಗಿನಲ್ಲಿ ಮಾತು ಕೊಟ್ಟು, ಗ್ಯಾಲರಿಗೆ ಪಾಸನ್ನೂ ಕೊಡಿಸಿದರು. ಗೋದಾಬಾಯಿ ಇಳಕಲ್ ಸೀರೆ ಉಟ್ಟು, ಪಕ್ಕದ ಮನೆಯ ಅಮರೇಶಪ್ಪನನ್ನು ಕರೆದುಕೊಂಡು ಹೋದಳು.

ಮೇಯರನ್ನು ಜನರೇ ಆರಿಸಬೇಕೋ, ಕಾರ್ಪೊರೇಟರುಗಳು ಆರಿಸಬೇಕೋ ಎಂದು ಮಧ್ಯಾಹ್ನವೆಲ್ಲ ಜಗಳ. ಒಬ್ಬರು ಗ್ರೀಸ್ ದೇಶಕ್ಕೆ ಹೋದರು, ಇನ್ನೊಬ್ಬರು ಚೋಳರ ಕಾಲದಿಂದ ಈಚೆಗೆ ಬರಲೇ ಇಲ್ಲ. ಕೊನೆಗೆ ಇವರ ಕ್ಷೇತ್ರದ ಶಾಸಕರು ಎದ್ದು, ಪ್ರಜಾಪ್ರಭುತ್ವದ ಗಂಗೆ ಪ್ರತಿ ಗಲ್ಲಿಯಲ್ಲೂ ಹರಿಯಬೇಕು ಎಂದಾಗ ಮೇಜುಗಳು ಗುದ್ದಿಸಿಕೊಂಡವು.

"ನಮ್ಮ ಗಲ್ಲ್ಯಾಗ ಆಗಲೇ ಹರಿಯಾಕತ್ತೈತಲ್ರಿ," ಎಂದು ಅಮರೇಶಪ್ಪ ಪಿಸುಗುಟ್ಟಿದ.

ಮಸೂದೆಯನ್ನು ಒಂದು ಸಮಿತಿಗೆ ಒಪ್ಪಿಸಿ ಎಲ್ಲರೂ ಚಹಾಕ್ಕೆ ಎದ್ದರು. ಹೊರಗೆ ಗೋದಾಬಾಯಿ ಶಾಸಕರನ್ನು ಅಡ್ಡಗಟ್ಟಿ ಮೋರಿ ಏನಾಯಿತೆಂದು ಕೇಳಿದಳು. ಮೊದಲು ವ್ಯವಸ್ಥೆ ಸುಧಾರಿಸಲಿ ತಾಯಿ, ಮೋರಿ ತಾನಾಗಿ ಸುಧಾರಿಸುತ್ತದೆ ಎಂದು ಕೈಮುಗಿದು ಅವರು ಕಾರು ಹತ್ತಿದರು.

ಆ ವಾರವೇ ಹನುಮಪ್ಪನ ಗುಡಿಕಟ್ಟೆಯ ಮೇಲೆ ಗಲ್ಲಿಯವರು ತಾವೇ ಚುನಾವಣೆ ನಡೆಸಿದರು. ಕೈ ಎತ್ತಿ ಗೋದಾಬಾಯಿಯನ್ನು ಆರಿಸಿದ್ದು ಅರ್ಧ ತಮಾಷೆಗೆ. ಅವಳು ಮಾತ್ರ ತಮಾಷೆ ಎಂದುಕೊಳ್ಳಲಿಲ್ಲ. ಮರುದಿನ ಸ್ಯಾನಿಟರಿ ಇನ್ಸ್‌ಪೆಕ್ಟರನ ಕಚೇರಿಗೆ ಹೋಗಿ, ತಾನು ಆ ಭಾಗದ ಕಾರ್ಪೊರೇಟರ್ ಎಂದಳು. ಇನ್ಸ್‌ಪೆಕ್ಟರ್ ಗಲಿಬಿಲಿಗೊಂಡ. ಈ ಊರಿಗೆ ಕಾರ್ಪೊರೇಟರುಗಳು ಇದ್ದಾರೋ ಇಲ್ಲವೋ ಎಂಬುದು ಅವನಿಗೂ ಖಾತ್ರಿಯಿರಲಿಲ್ಲ, ಅವನ ಮೇಲಿನವರಿಗೂ ಇರಲಿಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ, ಸಂಜೆಯೊಳಗೆ ಆಳುಗಳನ್ನು ಕಳಿಸಿದ. ಅಂದಿನಿಂದ ಗಲ್ಲಿಯಲ್ಲಿ ಮೋರಿ ಹರಿಯಿತು, ಬೀದಿದೀಪ ಉರಿಯಿತು. ಗೋದಾಬಾಯಿಯ ನಡಿಗೆಗೂ ಒಂದು ಗತ್ತು ಬಂತು.

ಕೆಲವು ವರ್ಷಗಳ ನಂತರ ಸುಧಾರಣೆಯಾಗಿ, ನಿಜವಾದ ಚುನಾವಣೆ ಬಂತು. ಶಾಸಕರು ಗೋದಾಬಾಯಿಗೆ ಶಾಲು ಹೊದಿಸಿ, ಟಿಕೆಟನ್ನು ತಮ್ಮ ಭಾವಮೈದುನನಿಗೆ ಕೊಟ್ಟರು. ಅವಳು ಪಕ್ಷೇತರಳಾಗಿ ನಿಂತು, ಇಟ್ಟ ಠೇವಣಿಯನ್ನೂ ಕಳೆದುಕೊಂಡಳು. ಭಾವಮೈದುನ ಗೆದ್ದ.

"ನೀವೂ ಅವನಿಗೇ ಹಾಕಿದ್ರೇನು?" ಎಂದು ಅಮರೇಶಪ್ಪನನ್ನು ಕೇಳಿದಳು.

ಅವನು ನೆಲ ನೋಡಿದ. "ತಪ್ಪ ತಿಳೀಬ್ಯಾಡ್ರಿ ಬಾಯಾರ. ಸರಕಾರದ ಕಡೆ ಮನಷ್ಯಾ ಇದ್ರ ಕೆಲಸ ಆಕ್ಕಾವು ಅಂತ..."

ಎರಡು ದಿನ ಗೋದಾಬಾಯಿಗೆ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಮಳೆಗಾಲಕ್ಕೆ ಮೋರಿ ಮತ್ತೆ ಕಟ್ಟಿತು. ರೂಢಿಯಂತೆ ಗೋದಾಬಾಯಿ ಕಚೇರಿಗೆ ಹೋದರೆ ಅದೇ ಇನ್ಸ್‌ಪೆಕ್ಟರ್ ಕುರ್ಚಿ ಕೊಡದೆ, ಕಾರ್ಪೊರೇಟರ್ ಸಾಹೇಬರಿಂದ ಹೇಳಿಸಿ ಎಂದ. ಸಾಹೇಬರು ನಗರ ಸುಧಾರಣೆಯ ಅಧ್ಯಯನಕ್ಕೆಂದು ದಿಲ್ಲಿಗೆ ಹೋಗಿದ್ದರು.

ಸಂಜೆ ಗಲ್ಲಿಯವರೆಲ್ಲ ಅವಳ ಬಾಗಿಲಿಗೆ ಬಂದರು. ಅಮರೇಶಪ್ಪನೇ ಮುಂದೆ.

"ಬಾಯಾರ, ನೀವ ಏನರ ಮಾಡ್ಬೇಕ್ರಿ."

"ಈಗ ಖರೇ ಕಾರ್ಪೊರೇಟರ್ ಇದ್ದಾರಲ್ಲ, ಅವರನ್ನ ಕೇಳ್ರಿ," ಎಂದು ಗೋದಾಬಾಯಿ ಒಳಗೆ ಹೋಗಿ ತಟ್ಟೆ ಹಾಕಿಕೊಂಡಳು. ಎಷ್ಟೋ ದಿನಗಳ ನಂತರ ಊಟ ರುಚಿಸಿತು. ಕೈತೊಳೆಯಲು ಎದ್ದಾಗ ಕಿಟಕಿಯಲ್ಲಿ ಅಮರೇಶಪ್ಪ ಕಂಡ. ಮೊಣಕಾಲುದ್ದದ ಕೊಚ್ಚೆಯಲ್ಲಿ ಮನೆ ಸೇರಲು ಹೆಣಗುತ್ತಿದ್ದ.

"ಧೋತರಾ ಇನ್ನೊಂದಿಷ್ಟು ಮ್ಯಾಲ ಹಿಡೀರಿ ಅಮರೇಶಪ್ಪನವರ," ಎಂದು ಅವಳು ಮೆಲ್ಲಗೆ ಹೇಳಿದಳು.